ಅತ್ತೆಯ ಕೋಣೆಯಲ್ಲಿದ್ದ ಹಳೆ ಕಂಪ್ಯೂಟರ್

ನನ್ನ ಸೋದರತ್ತೆಯ ಬೆರಳ ತುದಿಗಳು ಚಪ್ಪಟೆಯಾಗಿದ್ದವು. ಮೊದಲು ಟೈಪ್‌ರೈಟರು, ಆಮೇಲೆ ಕಂಪ್ಯೂಟರು, ಹೀಗೆ ಒಂದು ಆಯುಷ್ಯವೆಲ್ಲ ಕುಟ್ಟಿದ ಬೆರಳುಗಳು. ನನ್ನ ತಲೆಗೆ ಎಣ್ಣೆ ಹಚ್ಚಲು ಕೂತರೆ ನೆತ್ತಿಯ ಮೇಲೂ ಟಪಟಪ ಎನ್ನುತ್ತಿದ್ದವು. ಸುಮ್ಮನೆ ಕೂತಾಗಲೂ ತೊಡೆಯ ಮೇಲೆ ಏನನ್ನೋ ಟೈಪು ಮಾಡುತ್ತಲೇ ಇರುತ್ತಿದ್ದವು. "ಏನ್ ಬರೀತೀಯತ್ತಿ?" ಎಂದು ಕೇಳಿದರೆ, "ನಿಮ್ಮಪ್ಪನ ಮ್ಯಾಲೆ ಒಂದು ಕಂಪ್ಲೇಂಟು" ಎನ್ನುತ್ತಿದ್ದಳು.

ಗಂಡ ತೀರಿಕೊಂಡ ಮೇಲೆ ಅತ್ತೆ ಹೊಸಪೇಟೆಯ ತವರಿಗೆ ಮರಳಿದ್ದಳು. ಅಪ್ಪನದು ಅಕ್ಕಿ ಅಂಗಡಿ. ಚೀಲಗಳನ್ನು ಒಟ್ಟುತ್ತಿದ್ದ ಬೀದಿ ಬದಿಯ ಕೋಣೆಯನ್ನು ಖಾಲಿ ಮಾಡಿ ತಂಗಿಗೆ ಕೊಟ್ಟ. ಕೊಟ್ಟಿದ್ದನ್ನು ಸಾಯುವ ತನಕ ಬಂದವರಿಗೆಲ್ಲ ಹೇಳಿದ. ಅತ್ತೆ ದಿನವೂ ಬಸ್ಸು ಹತ್ತಿ ಸಂಡೂರಿಗೆ ಹೋಗಿ ಒಂದು ಗಣಿಯ ಆಫೀಸಿನಲ್ಲಿ ಟೈಪಿಸ್ಟಾಗಿ ದುಡಿದಳು. ಗಣಿ ನಿಂತು ಆಫೀಸಿಗೆ ಬೀಗ ಬಿದ್ದಾಗ, ತಾನು ಬಳಸುತ್ತಿದ್ದ ಕಂಪ್ಯೂಟರನ್ನೇ ಕೊಂಡು, ಡಬ್ಬಿಯನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದಳು. ಮನೆಯಲ್ಲಿ ಬಿಚ್ಚಿ ನೋಡಿದರೆ ಒಳಗೆಲ್ಲ ಅದಿರಿನ ಕೆಂಪು ಧೂಳು. "ನೋಡ, ಇದೂ ನನ್ನಂಗ ಸಂಡೂರಿನ ಮಣ್ಣು ತಿಂದೈತಿ" ಎಂದು ನಕ್ಕು ಕೆಮ್ಮಿದಳು.

ಆಮೇಲೆ ಆ ಕೋಣೆಯ ಕಿಟಕಿಯ ಮುಂದೆ ಜನ ನಿಲ್ಲತೊಡಗಿದರು. ವಿಧವಾ ಪಿಂಚಣಿ, ಜಾತಿ ಪ್ರಮಾಣಪತ್ರ, ನಳದ ನೀರು, ಕೆಲಸದ ಬಯೋಡಾಟಾ, ಯಾವುದೇ ಅರ್ಜಿಯಾದರೂ ಅತ್ತೆ ಬರೆಯಬೇಕು. "ದಯಮಾಡಿ, ತಮ್ಮ ಪಾದಕ್ಕ ಬಿದ್ದು ಅಂತ ಹಾಕ್ರಿ ಅಮ್ಮಾರ" ಎಂದು ಯಾರಾದರೂ ಅಂದರೆ ಅವಳಿಗೆ ರೇಗುತ್ತಿತ್ತು. "ಅರ್ಜಿ ಅಂದ್ರ ಬೇಡೋದಲ್ಲ, ಕೇಳೋದು. ನಿಂದ ನೀ ಕೇಳಾಕ ಯಾರ ಕಾಲಿಗ್ಯಾಕ ಬೀಳ್ತಿ?" ಎಂದು ಬೈದು, ನೆಟ್ಟಗಿನ ನಾಲ್ಕು ಸಾಲು ಬರೆದು ಕೊಡುತ್ತಿದ್ದಳು.

ನನ್ನ ಬಿ.ಎಡ್. ಅರ್ಜಿ ಹೋದದ್ದೂ ಆ ಕೋಣೆಯಿಂದಲೇ. ಕಂಪ್ಲಿಯ ಅಕ್ಕಿ ಮಿಲ್ಲಿನವರೊಬ್ಬರ ಮಗನಿಗೆ ನನ್ನನ್ನು ಕೊಡುವುದೆಂದು ಅಪ್ಪ ಮಾತಾಡಿ ಬಂದಿದ್ದ. ಅತ್ತೆ ನನ್ನನ್ನು ಕೋಣೆಗೆ ಕರೆದು ಬಾಗಿಲು ಹಾಕಿ, "ಓದ್ತಿಯೋ, ಅಕ್ಕಿ ಆರಸ್ತಿಯೋ? ಈಗ ಹೇಳು, ಆಮ್ಯಾಲೆ ಅಳಬ್ಯಾಡ" ಎಂದಳು. ಓದುತ್ತೇನೆ ಎಂದೆ. ಸೀಟು ಸಿಕ್ಕ ದಿನ ಅಪ್ಪನ ಬೈಗುಳವನ್ನೆಲ್ಲ ತಾನೇ ನಿಂತು ಕೇಳಿಸಿಕೊಂಡಳು. ಇವತ್ತು ನಾನು ಅದೇ ಕಂಪ್ಲಿಯಲ್ಲಿ ಟೀಚರಾಗಿದ್ದೇನೆ. ಈ ಅನ್ನ ಅವಳದು.

ಅಪ್ಪ ಹೋದ ಮೇಲೆ ಮನೆ, ಅಂಗಡಿ ಎರಡೂ ಅಣ್ಣನ ಕೈಗೆ ಬಂದವು. ಅಷ್ಟರಲ್ಲಿ ಕಂಪ್ಯೂಟರಿಗೂ ವಯಸ್ಸಾಗಿತ್ತು. ಅತ್ತೆ ಅದನ್ನು ಚಾಲೂ ಮಾಡಿ ಸ್ನಾನಕ್ಕೆ ಹೋಗುತ್ತಿದ್ದಳು. ತಲೆ ಬಾಚಿ ವಿಭೂತಿ ಹಚ್ಚಿಕೊಂಡು ಬರುವ ಹೊತ್ತಿಗೆ ಅದು ಕಣ್ಣು ಬಿಟ್ಟಿರುತ್ತಿತ್ತು. ಒಂದು ಅಕ್ಷರ ಒತ್ತಿದರೆ ಯೋಚನೆ ಮಾಡಿ ತೋರಿಸುತ್ತಿತ್ತು. ಒಳಗಿನ ಫ್ಯಾನಿನ ಗರಗರ ಹಾಲಿನ ತನಕ ಕೇಳುತ್ತಿತ್ತು. "ಇದನ್ನ ಒಗದು ಬಿಡತ್ತಿ, ತಲಿನೋವು" ಎಂದು ಅಣ್ಣ ದಿನವೂ ಗೊಣಗುತ್ತಿದ್ದ.

ದಸರೆಯ ರಜೆಗೆ ನಾನು ಊರಿಗೆ ಹೋದಾಗ ಅತ್ತೆ ನನ್ನನ್ನು ಬಸ್‌ಸ್ಟ್ಯಾಂಡಿನ ಹತ್ತಿರದ ರಿಪೇರಿ ಅಂಗಡಿಗೆ ಕರೆದುಕೊಂಡು ಹೋದಳು. ಹೊಸ ಡಿಸ್ಕು, ಒಂದಿಷ್ಟು ಮೆಮೊರಿ ಹಾಕಿದರೆ ಇನ್ನೂ ಕೆಲವು ವರ್ಷ ಚೆನ್ನಾಗಿ ಓಡುತ್ತದೆ ಎಂದ ಅಂಗಡಿಯವನು. "ಹಂಗಾರ ಇವತ್ತ ತಂದ್‌ಬಿಡ್ರಿ, ಸಂಜಿಗೆ ಕೊಡ್ತೀನಿ" ಎಂದ. ಅತ್ತೆ ಬೇಡವೆಂದು ತಲೆಯಾಡಿಸಿದಳು.

"ಘಟ ಕುಂತೈತಿ. ದುಡಿಯೋ ಸಾಮಾನು ಪೂಜಿ ಆಗ್ದ ಮನಿ ಹೊರಗ ಹೋಗಬಾರ್ದು. ಬನ್ನಿ ಮುಡದ ಮರುದಿನ ತರ್ತೀನಿ."

ಇದು ನಮ್ಮ ಮನೆಯ ಪದ್ಧತಿ. ನವರಾತ್ರಿಯ ಘಟ ಕೂರಿಸಿದ ಮೇಲೆ ಅಂಗಡಿಯ ತಕ್ಕಡಿಯನ್ನೂ ಯಾರೂ ಹೊರಗೆ ಕೊಡುವುದಿಲ್ಲ. ನಾನೂ ಹೂಂ ಎಂದೆ.

ಆಯುಧ ಪೂಜೆಯ ದಿನ ಬೆಳಿಗ್ಗೆ ಅತ್ತೆ, ನಾನು ಹಂಪಿಗೆ ಹೋಗಿ ವಿರೂಪಾಕ್ಷನಿಗೆ ಕಾಯಿ ಒಡೆಸಿಕೊಂಡು ಬಂದೆವು. ಕಂಪ್ಯೂಟರಿಗೆ ಹಾಕಲು ಅವಳು ದಾರಿಯಲ್ಲಿ ಸೇವಂತಿಗೆ ಮಾಲೆ ತಂದಿದ್ದಳು. ಮನೆಗೆ ಬಂದರೆ ಹಾಲಿನಲ್ಲಿ, ಟಿವಿಯ ಪಕ್ಕ, ಹೊಸ ಕಂಪ್ಯೂಟರ್. ಅದಕ್ಕೆ ಆಗಲೇ ಕುಂಕುಮ, ಹೂವು, ಮುಂದೆ ಕುಂಬಳಕಾಯಿ. ಅತ್ತೆಯ ಕೋಣೆಯಲ್ಲಿ ಮೇಜೂ ಇಲ್ಲ, ಡಬ್ಬಿಯೂ ಇಲ್ಲ.

"ನಿಂಗಂತನ ತಂದೀನತ್ತಿ. ನಿನ್ನ ಫೈಲ್ ಎಲ್ಲಾ ಇದ್ರಾಗ ಹಾಕ್ಸೀನಿ, ಒಂದೂ ಹೋಗಿಲ್ಲ" ಎಂದ ಅಣ್ಣ. ಹಳೆಯದನ್ನು ಗುಜರಿಯವನಿಗೆ ಕೊಟ್ಟಾಗಿತ್ತು. ಅಣ್ಣ ಸುಳ್ಳು ಹೇಳಲಿಲ್ಲ, ಫೈಲುಗಳೆಲ್ಲ ಇದ್ದವು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮುಗಿಸಿದ್ದ. ತಪ್ಪು ಹಿಡಿಯಲು ಯಾರಿಗೂ ಎಡೆಯಿರಲಿಲ್ಲ.

ಅತ್ತೆ ಕೈಯಲ್ಲಿದ್ದ ಮಾಲೆಯನ್ನು ಘಟದ ಮುಂದೆ ಇಟ್ಟಳು. "ಪೂಜಿ ಆಗೋ ತನಕಾನಾದ್ರೂ ಇಟ್ಕೋಬೇಕಿತ್ತಪ" ಎಂದಳು, ಅಷ್ಟೇ.

ಹಾಲಿನಲ್ಲಿ ಯಾಕೆ ಇಟ್ಟೆ ಎಂದು ನಾನು ಕೇಳಿದೆ. "ಎಲ್ಲಾರೂ ಬಳಸ್ಲಿ ಬಿಡು" ಎಂದ ಅಣ್ಣ. ಎಲ್ಲರೂ ಎಂದರೆ ಅವನೇ. ಅಂಗಡಿಯಿಂದ ಬಂದವನು ಷೇರು ಮಾರುಕಟ್ಟೆ ನೋಡುತ್ತಾ ಅದರ ಮುಂದೆ ಕೂತುಬಿಡುತ್ತಿದ್ದ. ಅರ್ಜಿ ಬರೆಸಲು ಬಂದವರು ಹಾಲಿಗೆ ಬರುವುದು ಅತ್ತಿಗೆಗೆ ಸೇರಲಿಲ್ಲ. "ಕಂಡ ಕಂಡ ಮಂದಿ ಒಳಗ ಬಂದು ಕುಂದ್ರೋದು ಬ್ಯಾಡ್ರಿ" ಎಂದು ಅತ್ತೆಯ ಮುಖಕ್ಕೇ ಹೇಳಿದಳು. ನಮ್ಮ ಮನೆಯವರು ಉಪಕಾರ ಮಾಡುವ ರೀತಿಯೇ ಇದು. ಕೈಯಲ್ಲಿದ್ದುದನ್ನು ಕಸಿದುಕೊಂಡು, ಅದಕ್ಕಿಂತ ದೊಡ್ಡದನ್ನು ಕೈಗೆ ಎಟುಕದ ಕಡೆ ಇಡುತ್ತಾರೆ.

ದೀಪಾವಳಿಗೆ ಹೋದಾಗ ನಾನು ಕಣ್ಣಾರೆ ಕಂಡದ್ದು ಇದು. ಚೋರನೂರಿನ ಒಬ್ಬ ಹೆಂಗಸು ಪಿಂಚಣಿ ನಿಂತುಹೋಗಿದೆಯೆಂದು ಅರ್ಜಿ ಬರೆಸಲು ಬಂದು ಹೊರಗೆ ಕಟ್ಟೆಯ ಮೇಲೆ ಕೂತಿದ್ದಳು. ಅತ್ತೆ ಅಣ್ಣನ ಕುರ್ಚಿಯ ಹಿಂದೆ ಹೋಗಿ ನಿಂತಳು.

"ಒಂದು ಅರ್ಜಿ ಐತಪ. ಜರಾ ಬಿಡ್ತಿಯೇನು?"

"ನಿಲ್ಲತ್ತಿ, ಮಾರ್ಕೆಟ್ ಮುಗೀಲಿ."

ಅವಳು ನಿಂತೇ ಇದ್ದಳು. ಬೆರಳುಗಳು ಸೀರೆಯ ನೆರಿಗೆಯ ಮೇಲೆ ಆಡುತ್ತಿದ್ದವು. ಬಹಳ ಹೊತ್ತಾದ ಮೇಲೆ ಹೊರಗೆ ಹೋಗಿ ಆ ಹೆಂಗಸಿಗೆ, "ಬಸ್‌ಸ್ಟ್ಯಾಂಡಿನ್ಯಾಗ ಸೈಬರ್ ಐತೆವ್ವ, ಅಲ್ಲಿ ಮಾಡ್ತಾರ ನೋಡು" ಎಂದಳು. ನಾನು ರೇಗಿ ಅಣ್ಣನ ಕಡೆ ತಿರುಗಿದರೆ ನನ್ನ ರಟ್ಟೆ ಹಿಡಿದು ಕೋಣೆಗೆ ಎಳೆದುಕೊಂಡು ಹೋದಳು. "ನಾ ಇರೋ ಮನಿ ಇದ, ಸುಮ್ಕಿರು" ಎಂದಳು. ನನ್ನ ಜೊತೆ ಕಂಪ್ಲಿಗೆ ಬಾ ಎಂದು ಎಷ್ಟು ಕರೆದರೂ ಬರಲಿಲ್ಲ. ಮತ್ತೆ ಯಾರೂ ಆ ಕಿಟಕಿಯ ಮುಂದೆ ನಿಲ್ಲಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಅಕ್ಕಿ ಚೀಲಗಳು ಕೋಣೆಯ ಒಂದು ಗೋಡೆಗೆ ವಾಪಸು ಬಂದಿದ್ದವು.

ಬೇಸಿಗೆಯಲ್ಲಿ ಅತ್ತೆ ತೀರಿಕೊಂಡಳು. ಎದೆಯ ಕಾಯಿಲೆ ಎಂದರು ಡಾಕ್ಟರು. ಇರಬಹುದು. ಕೈಗೆ ಕೆಲಸವಿದ್ದಾಗ ಆ ಕೆಮ್ಮನ್ನು ಅವಳು ಲೆಕ್ಕಕ್ಕೇ ಇಟ್ಟಿರಲಿಲ್ಲ, ನನಗೆ ಗೊತ್ತಿರುವುದು ಇಷ್ಟೇ.

ಶಿವಗಣಾರಾಧನೆಯ ಊಟಕ್ಕೆ ಬಳಗವೆಲ್ಲ ಸೇರಿತ್ತು. ಅಣ್ಣ ಪಂಕ್ತಿಯ ನಡುವೆ ಓಡಾಡುತ್ತಾ ಎಲ್ಲರಿಗೂ ಹೇಳುತ್ತಿದ್ದ. "ಏನೂ ಕಡಿಮಿ ಮಾಡ್ಲಿಲ್ರಿ. ಹೊಸಾ ಕಂಪ್ಯೂಟರ್ ಸೈತ ಕೊಡ್ಸಿದ್ದೆ. ಆಕೀನ ಬಳಸ್ಲಿಲ್ಲ, ವಯಸ್ಸಾಗಿತ್ತು."

ಮೆಟ್ರಿಯಿಂದ ಬಂದಿದ್ದ ದೊಡ್ಡಪ್ಪ, "ಪುಣ್ಯಾತ್ಮ ನೀನು" ಎಂದ.

ನಾನು ಕೂತಲ್ಲಿಂದಲೇ ಕೇಳಿದೆ. "ಆಕಿಗಂತ ಕೊಡ್ಸಿದ್ದಾದ್ರ ಆಕಿ ಕೋಣ್ಯಾಗ ಯಾಕ ಇಡ್ಲಿಲ್ಲಣ್ಣ?"

ಅಣ್ಣ ನನ್ನನ್ನು ನೋಡಲಿಲ್ಲ, ಬಡಿಸುವವನನ್ನು ಕರೆದ. "ಹೋಳಗಿ ಈ ಕಡಿ ತಾರಪ, ತಂಗಿಗೆ ಹಾಕು."

ಬಿಸಿ ಹೋಳಿಗೆ ಬಿತ್ತು, ಮೇಲೆ ತುಪ್ಪವೂ ಬಿತ್ತು. ನಾನು ಎಲೆ ಬಿಟ್ಟು ಎದ್ದೆ. ಅತ್ತೆಯ ಹೆಸರಿನ ಊಟಕ್ಕೆ ಅವಮಾನ ಮಾಡಿದಳೆಂದು ಬಳಗದವರು ಈಗಲೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಅತ್ತೆ ಎಲ್ಲವನ್ನೂ ನುಂಗಿಕೊಂಡು ಹೋದಳು. ಆ ಹೋಳಿಗೆ ನನ್ನ ಗಂಟಲಲ್ಲಿ ಇಳಿಯುವಂತಿರಲಿಲ್ಲ.