ಹಲ್ಲಂಚಿನ ಸೀರೆ

ನಮ್ಮ ಮನೆಯಲ್ಲಿ ಸೀರೆಯಂಚುಗಳಿಗೆ ಹೆಸರಿರಲಿಲ್ಲ, ನೆಂಟಸ್ತನವಿತ್ತು. "ಹರೂರಿನೋರ ದೊಡ್ಡ ಸೊಸೆ ಮುನಿಸ್ಕೊಂಡು ಉಣ್ಣದೆ ಕೂತ್ಲಲ್ಲ, ಆ ಮದುವೆ ಅಂಚು" ಎಂದರೆ ಒಂದು. "ಓಮಲೂರಿನ ಸೀಮಂತದಾಗೆ ಪಾಯಸ ತಳ ಹಿಡೀತಲ್ಲ, ಆ ಅಂಚು" ಎಂದರೆ ಇನ್ನೊಂದು. ಸೇಲಂನಲ್ಲಿ ನಮ್ಮದು ಕನ್ನಡ ಮಾತಿನ ನೇಕಾರರ ಕೇರಿ. ಹೊಸ ಅಂಚು ನೇಯ್ದಾಗಲೆಲ್ಲ ಗೇಣುದ್ದದ ಒಂದು ತುಂಡು ನೇಯ್ದು ಉಳಿಸಿಕೊಳ್ಳುವುದು ನಮ್ಮ ಮನೆಯ ಪದ್ಧತಿ. ಒಂದೊಂದು ಮನೆತನಕ್ಕೆ ನೇಯ್ದ ತುಂಡುಗಳನ್ನೆಲ್ಲ ಒಟ್ಟಿಗೆ ಸೇರಿಸಿ, ಆ ಮನೆಯವರದೇ ಒಂದು ಹಳೆಯ ಬಟ್ಟೆಯಲ್ಲಿ ಗಂಟು ಕಟ್ಟಿ, ಅಜ್ಜಿ ತನ್ನ ಮರದ ಪೆಟ್ಟಿಗೆಯಲ್ಲಿ ಇಡುತ್ತಿದ್ದಳು.

ಯಾರಾದರೂ ಬಂದು "ನಮ್ಮತ್ತೆ ಸೀರೆಗಿದ್ದಂಥ ಅಂಚು ಬೇಕು" ಎಂದರೆ ಅಜ್ಜಿ ಪೆಟ್ಟಿಗೆಯ ಹತ್ತಿರ ಹೋಗುತ್ತಿರಲಿಲ್ಲ. ಬಂದವರನ್ನು ಕೂರಿಸಿ ಮಜ್ಜಿಗೆ ಕೊಟ್ಟು ವಿಚಾರಣೆ ಶುರು ಮಾಡುತ್ತಿದ್ದಳು. ಯಾರ ಮದುವೆ? ಮಳೆ ಬಂತಾ? ಬೀಗರಲ್ಲಿ ಯಾರು ಜಗಳ ತೆಗೆದರು? ಎಲೆ ಸಾಲದೆ ಹೋಯಿತಾ? ಬಂದವರು ಒಮ್ಮೆ ನಕ್ಕು ಒಮ್ಮೆ ಕಣ್ಣೊರೆಸಿಕೊಂಡು ಎಲ್ಲ ಒಪ್ಪಿಸುವ ಹೊತ್ತಿಗೆ ಅಜ್ಜಿ ಎದ್ದು ಹೋಗಿ, ಕಣ್ಣು ಮುಚ್ಚಿದವಳಂತೆ ಒಂದು ಗಂಟು ತೆಗೆದು ತರುತ್ತಿದ್ದಳು. ಅದೇ ಆಗಿರುತ್ತಿತ್ತು.

ಚಿಕ್ಕಪ್ಪನಿಗೆ ಇದನ್ನು ಸಹಿಸಲಾಗುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಮಗ್ಗದಿಂದೆದ್ದು ಆಫೀಸಿಗೆ ಹೋದ ಮೊದಲಿಗ ಅವನು. ಒಂದು ಸರ್ಕಾರಿ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಗುಮಾಸ್ತ. ಕೆಲಸ ಸಿಕ್ಕ ಹೊಸದರಲ್ಲಿ ನಮ್ಮ ಅಡುಗೆಮನೆಯನ್ನೂ ಒಮ್ಮೆ ಸರಿಮಾಡಿದ್ದ. ಪಾತ್ರೆಗಳೆಲ್ಲ ಒಂದು ಕಡೆ, ಮುಚ್ಚಳಗಳೆಲ್ಲ ಇನ್ನೊಂದು ಕಡೆ. ಎರಡು ಊಟದ ಮಟ್ಟಿಗೆ ಅಮ್ಮ ತಾಳಿಕೊಂಡಳು, ಆಮೇಲೆ ಅವನನ್ನು ಅಡುಗೆಮನೆಗೆ ಬಿಟ್ಟುಕೊಳ್ಳುವುದನ್ನೇ ನಿಲ್ಲಿಸಿದಳು.

ನನ್ನ ಮದುವೆ ಗೊತ್ತಾದ ವರ್ಷ ಅಜ್ಜಿ ತನ್ನ ಮಗಳ ಬಾಣಂತನಕ್ಕೆಂದು ಹರೂರಿಗೆ ಹೋದಳು. ಅವಳು ಹತ್ತಿದ ಬಸ್ಸು ಸೇಲಂ ದಾಟಿತೋ ಇಲ್ಲವೋ, ಚಿಕ್ಕಪ್ಪ ಪೆಟ್ಟಿಗೆಗೆ ಕೈ ಹಾಕಿದ. ಗಂಟುಗಳನ್ನೆಲ್ಲ ಬಿಚ್ಚಿದ. ಗಂಟಿನ ಬಟ್ಟೆಗಳು ಒಗೆಸಿಕೊಂಡು ಒಣಗಿ ಮಗ್ಗ ಒರೆಸುವ ಬಟ್ಟೆಗಳಾದವು. ತುಂಡುಗಳಿಗಾಗಿ ಬಡಗಿಯಿಂದ ಖಾನೆಗಳಂಥ ಅರೆಗಳಿರುವ ಹೊಸ ಪೆಟ್ಟಿಗೆ ಮಾಡಿಸಿ, ಒಂದೊಂದು ಅರೆಗೂ ರಟ್ಟಿನ ಚೀಟಿ ಅಂಟಿಸಿದ. ಗೋಪುರ, ಮಾವಿನಕಾಯಿ, ರುದ್ರಾಕ್ಷಿ, ಗರಗಸ, ಮೊಗ್ಗು. ಅದರೊಳಗೆ ಮತ್ತೆ ಬಣ್ಣದ ಪ್ರಕಾರ ಜೋಡಣೆ. ನೋಡಲು ಬಲು ಚೆಂದವಾಗಿತ್ತು, ಸುಳ್ಳು ಹೇಳಬಾರದು.

ಹರೂರಿನಿಂದ ಬಂದ ಅಜ್ಜಿ ಪೆಟ್ಟಿಗೆಯ ಮುಂದೆ ನಿಂತಳು.

"ಏನು ಬೇಕೋ ಕೇಳಮ್ಮಾ, ಕಣ್ಣು ಮಿಟುಕಿಸೋ ಒಳಗೆ ತೆಗ್ದು ಕೊಡ್ತೀನಿ," ಎಂದ ಚಿಕ್ಕಪ್ಪ.

"ನಂಗೆ ನನ್ ಗಂಟು ಬೇಕು ಕಣ್ಲಾ."

"ಗಂಟಲ್ಲಿದ್ದ ತುಂಡೆಲ್ಲ ಇಲ್ಲೇ ಐತೆ. ಒಂದೂ ಎಲ್ಲಿಗೂ ಓಗಿಲ್ಲ."

"ತುಂಡು ಐತಪ್ಪ. ನೆಂಟಸ್ತನ ಎಲ್ಲೈತೆ?" ಅಜ್ಜಿ ಒಂದು ತುಂಡನ್ನು ಎತ್ತಿ ಬೆಳಕಿಗೆ ಹಿಡಿದಳು. "ಬಸ್ಸಾಗೆ ಪಕ್ಕದಲ್ಲಿ ಕೂತೋರಂಗೈತೆ ನೋಡು. ಮುಖ ಎಲ್ಲೋ ನೋಡಿದಂಗೈತೆ, ಯಾರ ಮನೆಯೋರು ಅಂತ ಗೊತ್ತಾಗಕಿಲ್ಲ."

ಇಂಥ ಹೊತ್ತಿನಲ್ಲಿ ಕಂಬೈನಲ್ಲೂರಿನಿಂದ, ನನ್ನನ್ನು ಸೊಸೆ ಮಾಡಿಕೊಳ್ಳಲಿದ್ದ ಅತ್ತೆಯಿಂದ ಸುದ್ದಿ ಬಂತು. ಹುಡುಗಿ ಧಾರೆಗೆ ಏನು ಉಟ್ಟರೂ ಸರಿ, ಅಂಚು ಮಾತ್ರ ಹಲ್ಲಂಚೇ ಆಗಬೇಕು. ಅವರ ಮದುವೆಯಲ್ಲಿ ಅವರ ಅತ್ತೆ ಉಟ್ಟಿದ್ದ ಸೀರೆಯ ಅಂಚು ಅದು, ನೇಯ್ದದ್ದು ನಮ್ಮ ಮನೆಯಲ್ಲೇ. ಆ ಅತ್ತೆ ತೀರಿಕೊಂಡಾಗ ಅದನ್ನೇ ಉಡಿಸಿ ಕಳಿಸಿಕೊಟ್ಟಿದ್ದರಿಂದ ತೋರಿಸಲು ಸೀರೆ ಇಲ್ಲ.

ಆ ದೊಡ್ಡತ್ತೆಯ ಕಥೆ ನಮ್ಮ ಕೇರಿಗೂ ಬಂದು ಮುಟ್ಟಿತ್ತು. ಸೊಸೆ ಬಡಿಸಿದ ಸಾರನ್ನು ನಾಯಿಗೆ ಹಾಕಿ, ನಾಯಿ ತಿಂದ ಮೇಲೆ ನಾಯಿಯನ್ನು ಬೈದಿದ್ದ ಹೆಂಗಸಂತೆ. ಅಂಥವಳ ಅಂಚನ್ನು ಈ ಸೊಸೆ ನನ್ನ ಮೈಮೇಲೆ ಯಾಕೆ ನೋಡಬೇಕು? ತಾನು ಪಟ್ಟದ್ದನ್ನು ನನಗೆ ದಾಟಿಸುವ ಲೆಕ್ಕವಾ?

"ಹಲ್ಲು ಅಂತ ಅರೆ ಇಲ್ಲ," ಎಂದ ಚಿಕ್ಕಪ್ಪ. ಮುಖ ಸಣ್ಣಗಾಗಿತ್ತು. ಮೊದಲು ಗರಗಸದ ಅರೆ ಖಾಲಿ ಮಾಡಿದ, ಆಮೇಲೆ ಮೊಗ್ಗಿನದು. ಅಜ್ಜಿ ಎಲ್ಲಕ್ಕೂ ತಲೆಯಲ್ಲಾಡಿಸಿದಳು. ಕಂಬೈನಲ್ಲೂರಿನ ಗಂಟು ಹಾಗೇ ಇದ್ದಿದ್ದರೆ ಅದರ ನಾಲ್ಕೈದು ತುಂಡು ನೋಡಿದ್ದರೆ ಸಾಕಿತ್ತು. ಈಗ ಅವು ಊರೂರ ಅಂಚುಗಳ ಜೊತೆ ಬೆರೆತುಹೋಗಿದ್ದವು. ಅಂಚು ಯಾವುದೆಂದು ಗೊತ್ತಾಗದೆ ಮಗ್ಗಕ್ಕೆ ಉದ್ದನೂಲಿನ ಹಾಸು ಹೂಡುವಂತಿಲ್ಲ, ಹಾಸು ಹೂಡದೆ ಸೀರೆಯಿಲ್ಲ. ಮದುವೆ ಮುಂದಿನ ತಿಂಗಳು.

ಅಷ್ಟರಲ್ಲಿ ಅತ್ತೆಯೇ ಪಾತ್ರೆ ಕೊಳ್ಳಲು ಸೇಲಂಗೆ ಬಂದವರು ಮನೆಗೂ ಬಂದರು. ತೆಳ್ಳಗಿನ ಹೆಂಗಸು, ಮಾತು ಬಿರುಸು. ಚಿಕ್ಕಪ್ಪ ಗರಗಸ, ಮೊಗ್ಗುಗಳನ್ನೆಲ್ಲ ಹರಡಿ ಕೂತ. ಅವರು ಒಂದೊಂದನ್ನೂ ಬದಿಗೆ ತಳ್ಳಿದರು. "ಇದು ಗರಗಸ. ನಾನು ಕೇಳಿದ್ದು ಹಲ್ಲು. ನಿಮ್ಗೆ ಹಲ್ಲು ಗೊತ್ತಿಲ್ವಾ ತಂಬೀ?"

ಅಜ್ಜಿ ಮಜ್ಜಿಗೆ ಲೋಟ ಮುಂದಿಟ್ಟು ಶುರು ಮಾಡಿದಳು. "ತಾಯೀ, ಆ ಅಂಚನ್ನ ನೀನು ನೋಡಿದ್ದು ಯಾವಾಗ?"

"ಕಾಲಿಗೆ ಬಿದ್ದಾಗ. ಇನ್ಯಾವಾಗ ನೋಡಕಾಯ್ತದೆ? ಮದುವೇಲಿ ತಲೆ ಎತ್ತಕ್ಕೆ ಬಿಟ್ರಾ?"

"ಬಿದ್ದು?"

"ಬಿದ್ನಾ, ನಮ್ಮತ್ತೆ ಆಶೀರ್ವಾದ ಮಾಡೋದು ಬಿಟ್ಟು ಪಕ್ಕದೋರ ಜತೆ ಹುಣಸೆಹಣ್ಣಿನ ಮಾತು ತೆಗೆದ್ರು. ಈ ವರ್ಷ ಫಸಲು ಅಂಗೆ, ಓದ ವರ್ಷ ಇಂಗೆ. ನಾನು ಮೂಗು ನೆಲಕ್ಕಿಟ್ಟುಕೊಂಡು ಬಿದ್ದೇ ಇದೀನಿ! ಕಣ್ಣ ಮುಂದೆ ಆ ಅಂಚು. ಕೆಂಪು ವಸಡು, ಬಿಳೀ ಹಲ್ಲು, ಸಾಲಾಗಿ. ಈಗ ಕಚ್ತದೆ, ಈಗ ಕಚ್ತದೆ ಅನ್ಕೊಂಡಿದ್ದೆ."

"ಅಂಥ ಅಂಚು ಈಗ ಯಾತಕ್ಕವ್ವಾ ನಿಂಗೆ?"

ಅತ್ತೆ ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟರು. ಬಾಗಿಲ ಹಿಂದಿದ್ದ ನನ್ನ ಕಡೆ ಒಮ್ಮೆ ನೋಡಿದರು. "ಸುಮ್ನೆ, ಗ್ಯಾಪಕಕ್ಕೆ," ಎಂದು ಹೇಳಿ, ಬಸ್ಸಿಗೆ ಹೊತ್ತಾಯಿತೆಂದು ಎದ್ದುಹೋದರು.

ಮಾರನೆಯ ದಿನ ನಾನು ಮಗ್ಗದ ಗುಂಡಿಯಲ್ಲಿದ್ದೆ. ನಮ್ಮದು ಗುಂಡಿಮಗ್ಗ, ನೇಯುವವರು ನೆಲದ ಮೇಲೆ ಕೂತು ಕಾಲನ್ನು ಗುಂಡಿಗೆ ಇಳಿಬಿಡುತ್ತಾರೆ. ಕಾಲುಮಣೆಯ ಹಗ್ಗ ಕಿತ್ತುಹೋಗಿತ್ತೆಂದು ನಾನು ಪೂರ್ತಿ ಒಳಗಿಳಿದು ಕುಕ್ಕರುಗಾಲಿನಲ್ಲಿ ಕೂತು ಕಟ್ಟುತ್ತಿದ್ದೆ. ತಲೆ ಎತ್ತಿದರೆ ಕಣ್ಣು ನೆಲದ ಮಟ್ಟಕ್ಕೆ. ಎದುರಿಗೆ, ಗುಂಡಿಯ ಅಂಚಿನಲ್ಲಿ, ಅಜ್ಜಿ ನಿಂತಿದ್ದಳು. ದಿನಾ ಉಡುವ ಗೋಪುರದಂಚಿನ ಹಳೆಯ ಸೀರೆ. ಹುಟ್ಟಿದಾಗಿನಿಂದ ನೋಡಿದ್ದ ಗೋಪುರಗಳು ಅಲ್ಲಿರಲಿಲ್ಲ. ಒಂದೊಂದು ಗೋಪುರದ ನಡುವಿನ ಸಂದಿಯಲ್ಲಿ ಸೀರೆಯ ಮಾಸಲು ಬಿಳಿ ಒಡಲು ಚೂಪಾಗಿ ಕೆಳಗಿಳಿದಿತ್ತು, ಸಾಲಾಗಿ.

"ಅಜ್ಜೀ, ಹಲ್ಲು!" ಎಂದು ಕೂಗಿದೆ.

"ಎಲ್ಲೇ? ಬಿತ್ತೇನೇ?" ಎಂದು ಅಜ್ಜಿ ತನ್ನ ಬಾಯಿಗೇ ಕೈ ಹಾಕಿ ನೋಡಿಕೊಂಡಳು. ಉಳಿದಿದ್ದದ್ದೇ ಕೆಲವು.

ವಿಷಯ ತಿಳಿದ ಮೇಲೆ ಅವಳನ್ನು ತಡೆಯುವವರಿಲ್ಲ. ನನ್ನನ್ನು ಮೇಲೆಬ್ಬಿಸಿ ತಾನೇ ಗುಂಡಿಗಿಳಿದಳು. ಚಿಕ್ಕಪ್ಪ ಆಫೀಸಿನಿಂದ ಬಂದು ಅಂಗಿ ಕಳಚುವುದರೊಳಗೆ ಅವನ ಪಂಚೆಯ ಅಂಚಿಗೆ ಗೋಪುರದ ಅರೆಯ ತುಂಡುಗಳನ್ನು ಒಂದೊಂದಾಗಿ ಸಿಕ್ಕಿಸಿ, ಗುಂಡಿಯ ಸುತ್ತ ನಡೆಸಿದಳು. "ತಿರುಗ್ಲಾ. ನಿಧಾನ. ಹೆಂಗಸು ನಡೆದಂಗೆ ನಡಿ." ನೂಲು ಕೇಳಲು ಬಂದ ಪಕ್ಕದ ಮನೆಯಾತ ಬಾಗಿಲಲ್ಲೇ ನಿಂತ. ಸರ್ಕಾರಿ ಗುಮಾಸ್ತ ಬಳುಕುತ್ತಿದ್ದಾನೆ, ಮುದುಕಿ ಗುಂಡಿಯಿಂದ ತಲೆ ಮಾತ್ರ ತೋರಿಸಿ ಅವನ ಕಾಲನ್ನು ನೋಡುತ್ತಿದ್ದಾಳೆ. ಬಂದವನು ನೂಲು ಕೇಳದೆ ಹೊರಟುಹೋದ.

ಆ ಅರೆಯಲ್ಲಿ ಗೋಪುರಗಳು ಕಂತೆಗಟ್ಟಲೆ ಇದ್ದವು. ಆದರೆ ಕೆಂಪು ವಸಡು, ಬಿಳೀ ಹಲ್ಲು ಎಂದಮೇಲೆ ಚಿಕ್ಕಪ್ಪನ ಬಣ್ಣದ ಜೋಡಣೆ ಕೆಲಸಕ್ಕೆ ಬಂತು. ಹಾಲುಬಿಳಿ ಒಡಲಿನ ಕುಂಕುಮಗೆಂಪು ಎರಡೇ ತುಂಡು. ಅಜ್ಜಿ ಒಂದನ್ನು ಮೂಸಿ, ಬೆರಳಲ್ಲಿ ಉಜ್ಜಿ, "ಇದೇಯ. ಆ ಸಲ ಕೆಂಪಿನ ನೂಲು ಸ್ವಲ್ಪ ದಪ್ಪ ಬಂದಿತ್ತು" ಎಂದಳು. ಚಿಕ್ಕಪ್ಪ ಎದೆಯುಬ್ಬಿಸಿದ. "ನೋಡಿದ್ಯಾ ನನ್ ಪೆಟ್ಟಿಗೆ?"

"ನೋಡ್ದೆ. ಕಾಲಿಗೆ ಬಿದ್ದು ಕೇಳಿದ್ರೆ ಕೊಡ್ತದೆ."

ಸೀರೆಯಾಯಿತು. ಮದುವೆ ಕಂಬೈನಲ್ಲೂರಿನಲ್ಲೇ ಆಯಿತು. ಧಾರೆ ಮುಗಿದು ನಾನು ಅತ್ತೆಯ ಕಾಲಿಗೆ ಬಿದ್ದೆ. ಮೂಗು ನೆಲಕ್ಕೆ ತಾಗಿತು. ಕಾದೆ. ಅಕ್ಷತೆ ಬೀಳಲಿಲ್ಲ. ಮೇಲಿನಿಂದ ಮಾತು ಬಿತ್ತು.

"ಇದಲ್ಲ. ಇದು ಗೋಪುರ."

"ಇದೇ ಕಣವ್ವಾ," ಎಂದಳು ಅಜ್ಜಿ.

"ನಂಗೆ ಗೊತ್ತಿಲ್ವಾ ಅಜ್ಜೀ? ಅದು ಹಲ್ಲು. ಇದು ದೇವಸ್ಥಾನದ ಗೋಪುರ ಇದ್ದಂಗೈತೆ. ಎಷ್ಟು ಆಸೆ ಇಟ್ಕೊಂಡಿದ್ದೆ! ಆ ಅಂಚು ಒಂದ್ಸಲ ನನ್ ಕಾಲಿಗೆ ಬೀಳೋದು ನೋಡ್ಬೇಕು ಅಂತ."

ಇದೋ ಸಂಗತಿ ಎಂದು ನೆಲದ ಮೇಲಿದ್ದ ನನಗೆ ಆಗ ತಿಳಿಯಿತು. ಮೇಲೆ ಮಾತು ಬೆಳೆಯಿತು. ಬಣ್ಣ, ನೂಲು, ಯಾರ ನೆನಪು ಸರಿ, ಯಾರದು ತಪ್ಪು. ನನ್ನ ಮೂಗಿನ ತುದಿಯಲ್ಲಿ ಒಂದು ಇರುವೆ ಹಾದುಹೋಯಿತು.

"ಅದು ಆಮೇಲೆ ನೋಡಾಣ," ಎಂದಳು ಅಜ್ಜಿ, ಮೆತ್ತಗೆ. "ಹುಣಸೆಹಣ್ಣಿನ ಮಾತು ಆಯ್ತಾ ತಾಯೀ? ಹುಡುಗಿ ಬಿದ್ದೇ ಅವ್ಳೆ."

ಎರಡು ತೋಳುಗಳು ನನ್ನನ್ನು ಬಾಚಿ ಎತ್ತಿದವು. "ಅಯ್ಯಯ್ಯೋ, ಏಳೇ ಏಳೇ! ನೂರ್ಕಾಲ ಬಾಳೇ!" ಅತ್ತೆಯ ಮುಖ ನನ್ನ ಸೀರೆಯ ಅಂಚಿಗಿಂತ ಕೆಂಪಾಗಿತ್ತು. ಆದರೂ ಹಟ ಹೋಗಿರಲಿಲ್ಲ. "ಆದ್ರೂ ಇದು ಹಲ್ಲಲ್ಲ."

"ನಿಂತು ನೋಡಿದ್ರೆ ಗೋಪುರ ಕಣವ್ವಾ. ನೀನು ಆಗ ಎಲ್ಲಿಂದ ನೋಡ್ದೆಯೋ ಅಲ್ಲಿಂದ ನೋಡು."

ನೋಡಿಯೇ ಬಿಡುತ್ತೇನೆಂದು ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮಂಡಿಯೂರಿ, ಕೈಯೂರಿ, ಚಪ್ಪರದ ತುಂಬ ಕೂತಿದ್ದ ನೆಂಟರೆದುರಿಗೆ ನನ್ನ ಕಾಲ ಬಳಿ ತಲೆ ನೆಲಕ್ಕಿಟ್ಟರು. ಓಲಗದವರು ಊದುವುದು ಬಿಟ್ಟರು. ಅತ್ತೆ ಸೊಸೆಯ ಕಾಲಿಗೆ ಬಿದ್ದದ್ದನ್ನು ಯಾರೂ ಹಿಂದೆ ನೋಡಿರಲಿಲ್ಲ. ನನಗೆ ಹಿಂದೆ ಸರಿಯಲೂ ಭಯ, ನಿಂತಿರಲೂ ಭಯ.

"ಬೇಗ ಆಶೀರ್ವಾದ ಮಾಡಿ ಎಬ್ಬಿಸೇ," ಎಂದಳು ಅಜ್ಜಿ ಹಿಂದಿನಿಂದ. "ಕಾಯಿಸ್ಬೇಡ!"

ಕೆಳಗಿನಿಂದ ನಗು ಬಂತು. ಮೊದಲು ಸಣ್ಣಗೆ, ಆಮೇಲೆ ಮೈಯೆಲ್ಲ ಕುಲುಕಿಕೊಂಡು. "ಇದೇ ಕಣೇ! ಅಮ್ಮಮ್ಮಾ, ಅದೇ ಹಲ್ಲು! ಬಾರೇ, ನೀನೂ ನೋಡು ಬಾರೇ!" ಎಂದು ನನ್ನ ಕೈ ಹಿಡಿದೆಳೆದರು. ನಾನು ಬಗ್ಗುವುದಕ್ಕೂ ಅವರು ಏಳುವುದಕ್ಕೂ ಸರಿಹೋಗಿ, ಹಣೆಗೆ ಹಣೆ ಢಿಕ್ಕಿಯಾಗಿ ನನ್ನ ಬಾಸಿಂಗ ಕಿತ್ತುಹೋಯಿತು. ಅಜ್ಜಿ ಇಬ್ಬರ ಮೇಲೂ ಒಂದೇ ಹಿಡಿ ಅಕ್ಷತೆ ಸುರಿದಳು.

ಆ ಅಂಚಿನ ಹೊಸ ತುಂಡನ್ನು ಯಾವ ಅರೆಗೆ ಹಾಕುವುದೆಂದು ಚಿಕ್ಕಪ್ಪ ಬಹಳ ದಿನ ತಲೆ ಕೆಡಿಸಿಕೊಂಡನಂತೆ. ಕೊನೆಗೆ ಹಲ್ಲು ಎಂದು ಹೊಸ ಚೀಟಿ ಅಂಟಿಸಿ, ತುಂಡನ್ನು ಎರಡಾಗಿ ಕತ್ತರಿಸಿ, ಎರಡು ಅರೆಯಲ್ಲೂ ಒಂದೊಂದು ಇಟ್ಟ. ಅಜ್ಜಿ ಗೋಪುರದ ಅರೆಯಲ್ಲಿದ್ದದ್ದನ್ನು ಕದ್ದು, ನನ್ನ ಕಿತ್ತುಹೋದ ಬಾಸಿಂಗದ ದಾರದಲ್ಲಿ ಸುತ್ತಿ ಗಂಟು ಕಟ್ಟಿಟ್ಟುಕೊಂಡಳು.

ಅತ್ತೆ ಬಹಳ ವರ್ಷ ಬದುಕಿದ್ದರು. ಹಬ್ಬ ಹುಣ್ಣಿಮೆಗೆ ನಾನು ಕಾಲಿಗೆ ಬೀಳಲು ಹೋದರೆ ಸೊಂಟ ಬಗ್ಗುವ ಮೊದಲೇ ಕೂಗುತ್ತಿದ್ದರು: "ಆಯ್ತು ಆಯ್ತು, ಚೆನ್ನಾಗಿರು, ಎದ್ದೇಳು!" ನಾನು ಇನ್ನೂ ನಿಂತೇ ಇರುತ್ತಿದ್ದೆ.