ತಾಂಡೂರಿನಿಂದ ತಂದ ಗಾಡಿಯ ಪಕ್ಕದ ಸೀಟು

ನಾನು ವಿಜ್ಞಾನ ಪಾಠ ಮಾಡುವ ಟೀಚರು. ದೆವ್ವದ ಕಥೆ ಹೇಳಿದ ಮಕ್ಕಳನ್ನು ಎದ್ದು ನಿಲ್ಲಿಸಿ "ನೋಡಿದ್ದೀಯಾ?" ಎಂದು ಕೇಳುವವಳು. ಈಗ ಯಾರಾದರೂ ನನ್ನನ್ನೇ ಎದ್ದು ನಿಲ್ಲಿಸಿ ಕೇಳಿದರೆ, ನೋಡಿಲ್ಲ ಎನ್ನುತ್ತೇನೆ. ಆದರೆ ಕೇಳಿದ್ದೇನೆ... ಅದರ ವಾಸನೆಯೂ ಗೊತ್ತು.

ಇದು ನಡೆದದ್ದು. ಗಾಡಿ ಈಗಲೂ ತೆಲಂಗಾಣದ ಗಡಿಯ ನಾರಾಯಣಖೇಡದ ನನ್ನ ಬಾಡಿಗೆ ಮನೆಯ ಮುಂದೆ ನಿಂತಿದೆ. ಅನುಮಾನವಿದ್ದರೆ ಬಂದು ನೋಡಿ ಎಂದು ಬರೆಯಲು ಹೊರಟೆ, ಕೈ ನಿಂತಿತು. ಯಾರನ್ನಾದರೂ "ಬನ್ನಿ" ಎಂದು ಕರೆಯುವ ಮೊದಲು ಈಗ ಹತ್ತು ಸಲ ಯೋಚಿಸುತ್ತೇನೆ.

ನನ್ನ ಶಾಲೆ ನಾಗಲಗಿದ್ದದ ಕಡೆಯ ಒಂದು ಹಳ್ಳಿಯಲ್ಲಿದೆ. ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು. ಸಂಜೆಯದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ನಾನೊಬ್ಬಳೇ. ಬಸ್ ನಿಲ್ದಾಣದಲ್ಲಿ ಕತ್ತಲಾಗುವವರೆಗೆ ಕೂತಿದ್ದರೂ ಎಲ್ಲಿದ್ದೀಯಾ ಎಂದು ಫೋನ್ ಮಾಡುವವರು ಯಾರೂ ಇರಲಿಲ್ಲ. ಡ್ರೈವಿಂಗ್ ಕಲಿತೆ, ಲೈಸೆನ್ಸ್ ಬಂತು. ನನ್ನ ಕೈಗೆಟಕುವ ಬೆಲೆಯಲ್ಲಿ ಸಿಕ್ಕದ್ದು ತಾಂಡೂರಿನ ಒಂದು ಹಳೆಯ ಸಣ್ಣ ಎಸ್‌ಯುವಿ. ಅದನ್ನು ತಯಾರಿಸಿದ ಕಂಪನಿ ನಮ್ಮ ದೇಶದಲ್ಲಿ ಗಾಡಿ ಮಾರುವುದನ್ನೇ ನಿಲ್ಲಿಸಿ ಹೋಗಿದೆ. ಹೆಸರು ಬೇಡ.

"ಅನಾಥ ಗಾಡಿ ಅದು, ಪಾರ್ಟ್ಸ್ ಸಿಗಂಗಿಲ್ಲ" ಎಂದು ಎಲ್ಲರೂ ಎಚ್ಚರಿಸಿದರು. ನಾನೂ ಅನಾಥೆಯೇ, ಜೋಡಿ ಸರಿಹೋಗುತ್ತದೆ ಎಂದು ನಕ್ಕುಬಿಟ್ಟೆ.

ಮಾರುತ್ತಿದ್ದವರು ಗುರಮ್ಮ, ಅರವತ್ತರ ಹತ್ತಿರದ ಲಿಂಗಾಯತ ಹೆಂಗಸು. ಗಂಡನಿಗೆ ಕಲ್ಲಿನ ಪಾಲಿಶ್ ಕಾರ್ಖಾನೆ ಇತ್ತಂತೆ. ಕಣ್ಣು ಮಂಜಾದ ಮೇಲೆ ಅವರು ಹಟ ಹಿಡಿದು ಹೆಂಡತಿಗೇ ಡ್ರೈವಿಂಗ್ ಕಲಿಸಿ, ತಾವು ಪಕ್ಕದ ಸೀಟಿನಲ್ಲಿ ಕೂತು ಊರೂರು ತಿರುಗಿದ್ದರು. ಅವರು ಹೋದ ಮೇಲೆ ಗುರಮ್ಮ ಗಾಡಿ ಮುಟ್ಟಿರಲಿಲ್ಲ.

"ಛಾ ಕುಡೀರಿ ಟೀಚರಮ್ಮ" ಎಂದು ಪಡಸಾಲೆಯಲ್ಲಿ ಕೂರಿಸಿದರು. ಗೋಡೆಯ ಮೇಲೆ ಗಂಡನ ಫೋಟೊ, ಹಣೆತುಂಬ ವಿಭೂತಿ, ಬೆರಳಲ್ಲಿ ದಪ್ಪ ಉಂಗುರ. ನನ್ನ ಪೂರ್ತಿ ಹೆಸರು ಕೇಳಿದರು, ಹೇಳಿದೆ. ನಮ್ಮ ಕಡೆ ಹೆಸರು ಕೇಳಿದರೆ ಉಳಿದದ್ದೂ ತಿಳಿದುಹೋಗುತ್ತದೆ. ನಾವು ಬೌದ್ಧರು. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ, ಒಳಗೆ ಬನ್ನಿ ಎಂದೂ ಅನ್ನಲಿಲ್ಲ. ನನಗಿದು ಹೊಸದಲ್ಲ.

ಕಾಗದಪತ್ರ ಮುಗಿದು ಹೊರಟಾಗ ನಾನು ಆ ತಪ್ಪು ಮಾಡಿದೆ.

ತಪ್ಪು ಎಂದರೆ, ನಮ್ಮ ಸೀಮೆಯ ಮರ್ಯಾದೆ, ಅಷ್ಟೇ. ಯಾರ ಮನೆಯಿಂದ ಎದ್ದರೂ "ನಮ್ಮ ಕಡೆ ಬರ್ರಿ, ಊಟಕ್ಕ ಬರ್ರಿ" ಎನ್ನದೆ ಹೊಸ್ತಿಲು ದಾಟುವುದಿಲ್ಲ. ಅಪ್ಪನಂತೂ ಕಂಡಕಂಡವರನ್ನೆಲ್ಲ ಊಟಕ್ಕೆ ಕರೆಯುತ್ತಿದ್ದರು. "ಬರ್ತೀವಿ, ಬರ್ತೀವಿ" ಎಂದವರಲ್ಲಿ ಎಷ್ಟೋ ಜನ ಕೊನೆಗೂ ಬರಲಿಲ್ಲ. ಅಪ್ಪ ಕರೆಯುವುದನ್ನೂ ಬಿಡಲಿಲ್ಲ.

"ನಾರಾಯಣಖೇಡಕ್ಕ ಬರ್ರಿ ಅಮ್ಮಾ, ಊಟಕ್ಕ ಬರ್ರಿ" ಎಂದೆ. ಕಣ್ಣು ಅಭ್ಯಾಸಬಲದಿಂದ ಗೋಡೆಯ ಫೋಟೊದ ಕಡೆ ಹೊರಳಿತು. ಬಾಯಿ ತಾನಾಗಿ ಮುಂದುವರಿಯಿತು. "ಇಬ್ರೂ ಬರ್ರಿ."

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಗುರಮ್ಮ ಫೋಟೊವನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿದರು.

ತಾಂಡೂರು ದಾಟಿದಾಗ ಹೊತ್ತು ಮುಳುಗುತ್ತಿತ್ತು. ರಸ್ತೆಯ ಎರಡೂ ಬದಿಗೆ ಕಲ್ಲಿನ ಚಪ್ಪಡಿಗಳ ಸಾಲು, ಆಮೇಲೆ ತೊಗರಿ ಹೊಲ. ನನ್ನ ಮೊದಲ ದೂರದ ಪ್ರಯಾಣ. ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗು ಎಂದಿದ್ದರು ಶಾಲೆಯವರು. ಯಾರನ್ನು ಎಂದು ಮಾತ್ರ ಯಾರೂ ಹೇಳಿರಲಿಲ್ಲ.

ಊರು ಹಿಂದೆ ಸರಿದ ಕೂಡಲೇ ಶುರುವಾಯಿತು...

ಟಿಂಗ್... ಟಿಂಗ್... ಟಿಂಗ್...

ಮುಂದೆ ಕೆಂಪು ದೀಪ. ಪಕ್ಕದ ಸೀಟಿನವರು ಬೆಲ್ಟ್ ಹಾಕಿಲ್ಲ ಎನ್ನುವ ಗುರುತು. ಅಲ್ಲಿ ನನ್ನ ಬ್ಯಾಗಿತ್ತು. ಅದರ ಭಾರಕ್ಕೆ ಹೀಗಾಗುತ್ತಿದೆ ಎಂದುಕೊಂಡು ಗಾಡಿ ನಿಲ್ಲಿಸಿ, ಬ್ಯಾಗನ್ನು ಹಿಂದಿನ ಸೀಟಿಗೆ ಎಸೆದೆ.

ಟಿಂಗ್... ಟಿಂಗ್...

ಹಳೇ ಗಾಡಿಯ ಹಟ ಎಂದು ಬೈದುಕೊಂಡು ಜಹೀರಾಬಾದಿನವರೆಗೆ ಹಾಗೇ ಓಡಿಸಿದೆ. ಅಷ್ಟರಲ್ಲಿ ತಲೆ ಚಿಟ್ಟು ಹಿಡಿದಿತ್ತು. ಹೆದ್ದಾರಿಯ ಪಕ್ಕ ಖಲೀಲ್ ಭಾಯಿಯ ಗ್ಯಾರೇಜ್ ಇದೆ. ಆ ಕಂಪನಿಯ ಗಾಡಿಗಳಿಗೆ ಈ ಕಡೆ ಅವರೊಬ್ಬರೇ ವೈದ್ಯರು. ಗುರಮ್ಮನ ಗಾಡಿಯನ್ನೂ ಅವರೇ ನೋಡುತ್ತಿದ್ದರಂತೆ. ಗಾಡಿಯ ಸದ್ದಿಗೇ ಗುರುತು ಹಿಡಿದು ಎದ್ದು ಬಂದರು. ಅವರು ಪಕ್ಕದ ಸೀಟಿನ ಬಾಗಿಲು ತೆರೆಯುತ್ತಲೇ ಟಿಂಗ್ ನಿಂತಿತು.

"ಬೆಲ್ಟಿನ ಬಜರ್ ಬಿಡದ ಹೊಡ್ಕೋತದ ಭಾಯಿ" ಎಂದೆ.

ಅವರು ನಕ್ಕರು. "ಮಜಾಕ್ ಮಾಡ್ತೀರೇನ್ರಿ ಮೇಡಂ? ಸೀಟಿನ ಸೆನ್ಸರ್ ಕೆಟ್ಟಿತ್ತು, ಹೊಸದು ಎಲ್ಲೂ ಸಿಗಲಿಲ್ಲ. ಸಾಹುಕಾರ್ರು ಇದ್ದಾಗೇ ನಾನೇ ವೈರ್ ಕಿತ್ತೀನಿ, ಬಜರೂ ತಗದೀನಿ."

ಟಾರ್ಚ್ ಹಿಡಿದು ಸೀಟಿನ ಕೆಳಗೆ ತೋರಿಸಿದರು. ವೈರಿನ ಎರಡು ತುದಿಗಳು ಕಪ್ಪು ಟೇಪ್ ಸುತ್ತಿಕೊಂಡು ಬೇರೆಬೇರೆ ಬಿದ್ದಿದ್ದವು. ಟೇಪಿನ ಮೇಲೆ ಹಳೆಯ ಧೂಳು.

"ಕೂಗಾಕ ಇದ್ರಾಗ ಏನೂ ಇಲ್ರಿ ಮೇಡಂ..."

ಖಲೀಲ್ ಭಾಯಿಯ ನಗು ಹೋಗಿತ್ತು. "ಹುಷಾರಿಲೆ ಹೋಗ್ರಿ" ಎಂದು ಆ ಕಡೆಯ ಬಾಗಿಲು ಹಾಕಲು ಹೋದವರು, ಅರ್ಧಕ್ಕೆ ಕೈ ತಡೆದು ಕಾದರು. ಒಳಗೆ ಕೂತವರು ಕಾಲು ಸರಿಸಿಕೊಳ್ಳಲಿ ಎಂದು ಕಾಯುತ್ತೇವಲ್ಲ, ಹಾಗೆ. ಆಮೇಲೆ ಮೆಲ್ಲಗೆ ಹಾಕಿದರು.

ಅಲ್ಲೇ ಎಲ್ಲಾದರೂ ಉಳಿಯಬೇಕಿತ್ತು. ಆದರೆ ಜಹೀರಾಬಾದಿನಲ್ಲಿ ನನಗೆ ಗೊತ್ತಿದ್ದವರು ಯಾರು? ಧೈರ್ಯದಿಂದಲ್ಲ, ಬೇರೆ ದಾರಿಯಿಲ್ಲದೆ ಹೊರಟೆ.

ಹೆದ್ದಾರಿ ಬಿಟ್ಟು ಒಳರಸ್ತೆಗೆ ತಿರುಗಿದ ಮೇಲೆ ದೀಪಗಳು ಮುಗಿದವು. ಎರಡೂ ಕಡೆ ಆಳೆತ್ತರದ ಕಬ್ಬು. ಗಾಳಿಗೆ ಗರಿಗಳು ಸರಸರ ಉಜ್ಜುವ ಸದ್ದು...

ಟಿಂಗ್... ಟಿಂಗ್...

ಈ ಸಲ ವಾಸನೆಯೂ ಬಂತು. ಒದ್ದೆ ಕಲ್ಲುಪುಡಿಯ ವಾಸನೆ, ಕಲ್ಲು ಕೊಯ್ಯುವ ಯಂತ್ರದ ಕೆಳಗೆ ಕೆಸರಾಗಿ ಬಿದ್ದಿರುತ್ತದಲ್ಲ, ಅದರದು. ಜೊತೆಗೆ ತೆಳುವಾಗಿ ವಿಭೂತಿ. ಪಕ್ಕಕ್ಕೆ ನೋಡಬಾರದು ಎಂದುಕೊಂಡು ರಸ್ತೆಯನ್ನೇ ನೋಡುತ್ತ, ಎಡಗೈ ಚಾಚಿ, ಆ ಬೆಲ್ಟನ್ನು ತಡಕಾಡಿ ಎಳೆದು ಸಿಕ್ಕಿಸಿದೆ.

ಸದ್ದು ನಿಂತಿತು.

ಎದುರಿನಿಂದ ಒಂದು ಬಸ್ಸು ಬಂತು. ಅದರ ಬೆಳಕು ಒಳಗೆ ಹರಿದಾಗ ತಡೆಯಲಾಗದೆ ನೋಡಿಬಿಟ್ಟೆ. ಸೀಟು ಖಾಲಿ. ಆದರೆ ಬೆಲ್ಟು ಸೀಟಿಗೆ ಅಂಟಿ ಬಿದ್ದಿರಲಿಲ್ಲ... ಗೇಣಷ್ಟು ಮುಂದೆ, ಉಬ್ಬಿ, ಬಿಗಿಯಾಗಿ ನಿಂತಿತ್ತು.

ಹೆದರಿಕೆಗೆ ಕಾಲು ಆಕ್ಸಿಲರೇಟರನ್ನು ಒತ್ತಿತು. ಗಾಡಿ ಹಾರಿತು. ಮಂಜೀರಾ ಸೇತುವೆ ಬಂದದ್ದೂ ಹೋದದ್ದೂ ನೆನಪಿಲ್ಲ. ಅದರಾಚೆ ರಸ್ತೆ ತಿರುಗುತ್ತದೆ.

ಟಕ್ ಟಕ್.

ಡ್ಯಾಶ್‌ಬೋರ್ಡಿನ ಮೇಲೆ, ಎಡಗಡೆ. ಉಂಗುರದ ಬೆರಳಲ್ಲಿ ಕುಟ್ಟಿದ ಸದ್ದು.

ಯಾಕೋ ಏನೋ, ಕಾಲು ತಾನೇ ಬ್ರೇಕಿಗೆ ಹೋಯಿತು. ತಿರುವು ದಾಟಿದರೆ, ನಡುರಸ್ತೆಯಲ್ಲಿ ಕಬ್ಬು ತುಂಬಿದ ಟ್ರಾಲಿ ಕೆಟ್ಟು ನಿಂತಿತ್ತು. ಹಿಂದೆ ಒಂದು ದೀಪವಿಲ್ಲ, ಒಂದು ಕೆಂಪು ಬಟ್ಟೆಯಿಲ್ಲ. ಹೊರಚಾಚಿದ ಕಬ್ಬಿನ ತುದಿಗಳು ನನ್ನ ಗಾಜಿಗೆ ತಗುಲಿ ಗಾಡಿ ನಿಂತಿತು.

ಸ್ಟೀರಿಂಗ್ ಮೇಲೆ ತಲೆಯಿಟ್ಟು ಬಹಳ ಹೊತ್ತು ಅತ್ತೆ. ಅಳು ನಿಂತ ಮೇಲೆ ಬಾಯಿಂದ ಬಂದದ್ದು ಒಂದೇ ಮಾತು. "ಭಾಳ ಉಪಕಾರ ಆತ್ರಿ."

ಆಮೇಲೆ ಮನೆಯವರೆಗೂ ನಿಧಾನಕ್ಕೆ ಓಡಿಸಿದೆ. ಬಾಗಿಲ ಮುಂದೆ ನಿಲ್ಲಿಸಿ, ಪಕ್ಕದ ಸೀಟಿನ ಬೆಲ್ಟ್ ಬಿಚ್ಚಿ, "ಇಳೀರಿ" ಎಂದೆ. ಹುಚ್ಚಿಯಂತೆ ಎನಿಸಿತು. ಆದರೂ ಅಂದೆ.

ರಾತ್ರಿಯಿಡೀ ಪಡಸಾಲೆಯಲ್ಲಿ ಕಲ್ಲುಪುಡಿಯ ವಾಸನೆ. ನಿದ್ದೆ ಬರುವುದಿಲ್ಲ ಎಂದುಕೊಂಡಿದ್ದೆ. ಅಪ್ಪ ಹೋದ ಮೇಲೆ ಮೊದಲ ಸಲ ಗಾಢವಾಗಿ ಮಲಗಿದೆ.

ಮರುದಿನ ಸಂಜೆ ಗುರಮ್ಮನ ಫೋನು. "ಚೆಂದಾಗಿ ಮುಟ್ಟಿದ್ರೇನ್ರಿ?" ಎಂದು ಕೇಳಿದರು. ಆಮೇಲೆ ದನಿ ತಗ್ಗಿಸಿದರು. "ಒಂದು ಮಾತು ಕೇಳ್ತೀನಿ, ನಗಬ್ಯಾಡ್ರಿ. ನಿಮ್ಮ ಕೂಡ... ಯಾರರೆ ಬಂದಾರೇನ್ರಿ?"

ಸುಳ್ಳು ಹೇಳಲು ಆಗಲಿಲ್ಲ. ವಾಸನೆ, ಬೆಲ್ಟು, ಟಕ್ ಟಕ್, ಎಲ್ಲ ಹೇಳಿದೆ.

ಆ ಕಡೆಯಿಂದ ನಿಟ್ಟುಸಿರು. "ಅವ್ರೇ. ನಾ ಜೋರ್ ಹೊಡದ್ರ ಹಂಗೇ ಕುಟ್ತಿದ್ರು. ಹೋದ ಮ್ಯಾಲೂ ದಿನಾ ದೀಪ ಹಚ್ಚೋ ಹೊತ್ತಿಗಿ ಆ ವಾಸನಿ ಬರ್ತಿತ್ರಿ. ಅದರ ಮ್ಯಾಲೇ ನಾ ದಿನಾ ದೂಡ್ತಿದ್ದೆ. ನಿನ್ನಿ ಸಂಜಿಂದ ಮನಿ ಭಣ ಭಣ ಅನ್ಲಾಕತ್ಯಾದ."

"ನಾನು ಏನ್ ಮಾಡ್ಲಿ ಅಮ್ಮಾ?"

"ಕರದವ್ರು ನೀವು. ಊಟಕ್ಕ ಕರದ್ರಿ. ಉಣಲಾರ್ದ ಏಳೋ ಮನಿಷ್ಯಾ ಅಲ್ಲ ಅವ್ರು. ಉಣಿಸಿ ಕಳಸ್ರಿ."

"ನಮ್ಮ ಮನ್ಯಾಗ ಉಣ್ತಾರೇನ್ರಿ?"

ಗುರಮ್ಮ ಮೆಲ್ಲಗೆ ಅಂದರು. "ಬಂದಾರ ಅಂದ ಮ್ಯಾಲ ಉಣ್ತಾರ."

ಉಣಿಸಿದರೆ ಹೋಗಿಬಿಡುತ್ತಾರೆ. ಇಷ್ಟು ಸರಳವಾದ ಲೆಕ್ಕ. ಆದರೂ ಅವರಿಗೆಂದು ಒಲೆ ಹಚ್ಚುವುದನ್ನು ಮುಂದೂಡಿದೆ. ನಾಳೆ ಮಾಡಿದರಾಯಿತು, ನಾಳೆ ಮಾಡಿದರಾಯಿತು... ದಿನಾ ಶಾಲೆಗೆ ಪಕ್ಕದ ಸೀಟಿನ ಬೆಲ್ಟ್ ಹಾಕಿಕೊಂಡೇ ಹೋದೆ. ಕಲಿಯದ ಮಕ್ಕಳ ಬಗ್ಗೆ, ಬಾರದ ಬಸ್ಸಿನ ಬಗ್ಗೆ ದಾರಿಯುದ್ದಕ್ಕೂ ಮಾತಾಡಿದೆ. ಜೋರಾದರೆ ಟಕ್ ಟಕ್. ಒಂಟಿ ಇರುವವರಿಗೆ ಬೇಕಾಗಿರುವುದು ಎಷ್ಟು ಕಡಿಮೆ ನೋಡಿ. ಅಪ್ಪನ ಜೀವಮಾನದ ಕರೆಗಳನ್ನೆಲ್ಲ ನೆನೆದೆ. ಕರೆದ ದಿನವೇ ಎದ್ದು ಬಂದವರು ಇವರೊಬ್ಬರೇ.

ಆದರೆ ದೀಪ ಹಚ್ಚುವ ಹೊತ್ತಾದರೆ ತಾಂಡೂರಿನ ಆ ಪಡಸಾಲೆ ಕಣ್ಣಿಗೆ ಬರುತ್ತಿತ್ತು. ಅಲ್ಲೂ ಒಬ್ಬಳು ಹೆಂಗಸು ಒಬ್ಬಳೇ ಕೂತಿದ್ದಾಳೆ.

ಭಾನುವಾರ ಅಡಿಗೆ ಮಾಡಿದೆ. ಜೋಳದ ರೊಟ್ಟಿ, ಪುಂಡಿ ಪಲ್ಯ, ತೊಗರಿ ಬ್ಯಾಳಿ, ಸ್ವಲ್ಪ ಪಾಯಸ. ಬುದ್ಧನಿಗೆ ಪಾಯಸ ಉಣಿಸಿದ ಸುಜಾತೆಯ ಹೆಸರನ್ನೇ ಅಪ್ಪ ನನಗೆ ಇಟ್ಟಿದ್ದರು. ಎರಡು ತಾಟು ಇಟ್ಟೆ. "ಉಣ್ರಿ" ಎಂದು ನಾನೂ ಎದುರಿಗೆ ಕೂತು ಉಂಡೆ. ಆ ತಾಟಿನ ಊಟ ಇದ್ದ ಹಾಗೇ ಇತ್ತು. ಆದರೆ ನಾನು ಕೈ ತೊಳೆದು ಬರುವಷ್ಟರಲ್ಲಿ ಪಡಸಾಲೆಯ ವಾಸನೆ ಹೋಗಿತ್ತು.

ಹೊರಗಿನಿಂದ ಸದ್ದು...

ಟಿಂಗ್... ಟಿಂಗ್...

ಗಾಡಿಯ ಕೀಲಿ ಒಳಗೆ ಗೂಟಕ್ಕೆ ತೂಗುಹಾಕಿತ್ತು. ಊರಿಗೆ ಬಿಡಿ ಎನ್ನುತ್ತಿದ್ದಾರೆ ಎಂದುಕೊಂಡು ಅದನ್ನು ತೆಗೆದುಕೊಂಡೆ.

ತಾಂಡೂರು ಮುಟ್ಟುವಾಗ ಸಂಜೆ. ಹಾರ್ನ್ ಮಾಡುವ ಮೊದಲೇ ಗುರಮ್ಮ ಗೇಟಿನಲ್ಲಿ ನಿಂತಿದ್ದರು. ನನ್ನ ಕಡೆ ನೋಡಲಿಲ್ಲ. ಪಕ್ಕದ ಬಾಗಿಲು ತೆರೆದು, ಸೆರಗು ಹೊದ್ದುಕೊಂಡು, ಒಂದು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟರು. "ಬರ್ರಿ... ಸಾಕಾತು ತಿರುಗಾಡಿದ್ದು."

ಆಮೇಲೆ ನನ್ನ ಕೈ ಹಿಡಿದರು. "ನೀವೂ ಒಳಗ ಬರ್ರಿ. ನೀವು ಉಣಿಸೀರಿ, ನಾ ಉಣಿಸಲಾರ್ದ ಬಿಡಂಗಿಲ್ಲ." ಪಡಸಾಲೆ ದಾಟಿಸಿ, ಅಡಿಗೆಮನೆಯಲ್ಲಿ ತಮ್ಮ ಮಗ್ಗುಲಲ್ಲೇ ಕೂರಿಸಿ ಬಡಿಸಿದರು. ನಾವು ಉಣ್ಣುತ್ತಿದ್ದಾಗ ಪಡಸಾಲೆಯ ಮಂಚ ಎರಡು ಸಲ ಟಕ್ ಟಕ್ ಎಂದಿತು. ಗುರಮ್ಮ ಮುಖ ಕೆಳಗೆ ಹಾಕಿ ಕಣ್ಣೊರೆಸಿಕೊಂಡರು.

ಹೊರಡುವಾಗ ಗೇಟಿನಲ್ಲಿ ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ಬರ್ರಿ ಎನ್ನದೆ ಬರೀ ಕೈ ಮುಗಿದೆ.

ಕತ್ತಲಲ್ಲಿ ಅದೇ ರಸ್ತೆ, ಅದೇ ಕಬ್ಬು. ಗಾಡಿಯೊಳಗೆ ಒಂದು ಸದ್ದಿಲ್ಲ. ಬೇಕೆಂದೇ ಜೋರಾಗಿ ಓಡಿಸಿದೆ, ಯಾರೂ ಕುಟ್ಟಲಿಲ್ಲ. ಮಂಜೀರಾ ಸೇತುವೆಯ ಮೇಲೆ ನಿಲ್ಲಿಸಿದೆ. ಕೆಳಗೆ ನೀರು, ಮೇಲೆ ಚಳಿ. ಆ ಮೌನವನ್ನು ಮನೆಗೆ ಕೊಂಡೊಯ್ಯಲು ನನ್ನಿಂದ ಆಗಲಿಲ್ಲ. ನನಗೇ ಕೇಳಿಸದಷ್ಟು ಮೆಲ್ಲಗೆ, ಪಕ್ಕದ ಸೀಟಿಗೆ ಅಂದೆ...

"ಇನ್ನೊಮ್ಮೆ ಬರ್ರಿ."

ಅಂದು ಏನೂ ಆಗಲಿಲ್ಲ. ಆಮೇಲೂ ಏನೂ ಆಗಿಲ್ಲ ಎಂದೇ ಇಟ್ಟುಕೊಳ್ಳಿ. ಬ್ಯಾಗನ್ನು ಮಾತ್ರ ಹಿಂದಿನ ಸೀಟಿನಲ್ಲೇ ಇಡುತ್ತೇನೆ.

ನಿನ್ನೆ ದೀಪ ಹಚ್ಚುವ ಹೊತ್ತಿಗೆ ಗುರಮ್ಮನ ಫೋನ್ ಬಂತು. ಅದು ಪೂರ್ತಿ ಬಡಿದುಕೊಂಡು ಸುಮ್ಮನಾಗುವವರೆಗೆ ನೋಡುತ್ತ ಕೂತೆ. ಅವರು ಏನು ಕೇಳುತ್ತಾರೆಂದು ಗೊತ್ತಿತ್ತು, ಎತ್ತಲಿಲ್ಲ. ಹೊರಗೆ ಹೋಗಿ ಗಾಡಿಯನ್ನೂ ನೋಡಲಿಲ್ಲ.