ಸ್ಕೂಲ್ ಬಸ್ಸಿನ ಅಪೀಲಿಗೆ ಮಗಳನ್ನು ಕರೆದೊಯ್ದದ್ದು

ಮಗಳಿಗೆ ಸ್ಕೂಲ್ ಬಸ್ಸು ಕೊಡಲಾಗದೆಂದು ಇಲ್ಲಿಯ ಸರ್ಕಾರಿ ಶಾಲೆಗಳನ್ನು ನಡೆಸುವ ಶಾಲಾ ಡಿಸ್ಟ್ರಿಕ್ಟಿನವರು ತಿಳಿಸಿದಾಗ ಅವಳು ನಾಲ್ಕನೇ ಕ್ಲಾಸಿನಲ್ಲಿದ್ದಳು. ಹುಟ್ಟಿದಾಗಿನಿಂದ ಅವಳ ಎಡಗಾಲಿನಲ್ಲಿ ಬಲ ಕಡಿಮೆ. ಬ್ರೇಸ್ ಕಟ್ಟಿಕೊಂಡು ಮನೆಯಲ್ಲಿ, ಅಂಗಡಿಯಲ್ಲಿ ಚೆನ್ನಾಗಿಯೇ ಓಡಾಡುತ್ತಾಳೆ; ಸ್ಕೂಲಿನವರೆಗೆ ನಡೆಯಲು ಆಗುವುದಿಲ್ಲ. ಸ್ಕೂಲು ಹತ್ತಿರವೇ ಇದೆ, ಹೇಗೂ ಯಾರೋ ಕಾರಿನಲ್ಲಿ ಕರೆತರುತ್ತಿದ್ದಾರಲ್ಲ ಎಂಬುದು ಅವರು ಕೊಟ್ಟ ಕಾರಣ.

ಆ ಯಾರೋ ಎಂದರೆ ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯ ಆಪಾ. ಧಾರವಾಡದವರು, ನನಗಿಂತ ನಾಲ್ಕಾರು ವರ್ಷ ದೊಡ್ಡವರು; ಅಕ್ಕ ಎನ್ನುವಂತೆ ನನಗೆ ಆಪಾ. ನನಗೆ ಸಾಂಟಾ ಕ್ಲಾರಾದ ಲ್ಯಾಬಿನಲ್ಲಿ ಬೆಳಗಿನ ಶಿಫ್ಟು. ನಮ್ಮ ಮನೆಯವರು ಫ್ರೀವೇ ತುಂಬುವ ಮೊದಲೇ ಬರ್ಕ್ಲಿಯ ಕೆಲಸಕ್ಕೆ ಹೊರಟುಬಿಡುತ್ತಾರೆ. ಹಾಗಾಗಿ ಆಪಾ ತಮ್ಮ ಮಗನ ಜೊತೆ ನನ್ನ ಮಗಳನ್ನೂ ಕೂರಿಸಿಕೊಂಡು ಹೋಗುತ್ತಿದ್ದರು. ದಾರಿಯುದ್ದಕ್ಕೂ, ದೊಡ್ಡಮ್ಮನನ್ನು ಕರೆಯುವಂತೆ, ಖಾಲಾ, ಖಾಲಾ ಎಂದು ಅವಳ ಹರಟೆ. "ನಿನ್ನ ಮಗಳು ನನಗ ರೇಡಿಯೋ ಕೇಳಾಕ ಬಿಡಂಗಿಲ್ಲ ನೋಡವಾ," ಎಂದು ಆಪಾ ದೂರುತ್ತಿದ್ದರು. ದೂರಿನಲ್ಲಿ ಹೆಮ್ಮೆಯೇ ಹೆಚ್ಚು.

ಆ ವರ್ಷ ಆಪಾಗೆ ಒಂದು ಡೇಕೇರಿನಲ್ಲಿ ಕೆಲಸ ಸಿಕ್ಕಿತು. ಊರಲ್ಲಿ ಟೀಚರಾಗಿದ್ದವರು, ಇಲ್ಲಿಗೆ ಬಂದಮೇಲೆ ಮನೆಯಲ್ಲೇ ಉಳಿದಿದ್ದರು. ಬೆಳಿಗ್ಗೆ ಏಳಕ್ಕೆ ಅಲ್ಲಿರಬೇಕು. ಅವರ ಮಗ ಸೈಕಲ್ಲಿನಲ್ಲಿ ಹೋಗಬಲ್ಲ, ನನ್ನ ಮಗಳಿಗೆ ಮಾತ್ರ ಬಸ್ಸೇ ಆಗಬೇಕು. ಅಪೀಲು ಹಾಕಿದೆವು. ಸಾಕ್ಷಿ ಹೇಳಲು ತಾವೇ ಬರುವುದಾಗಿ ಹೇಳಿದರು ಆಪಾ.

ವಿಚಾರಣೆಯ ಹಿಂದಿನ ಭಾನುವಾರ ನಮ್ಮ ಊಟದ ಮೇಜಿನಲ್ಲಿ ತಾಲೀಮು ನಡೆಯಿತು. ನಮ್ಮ ಮನೆಯವರು ಅಧಿಕಾರಿಯಾಗಿ ಪ್ರಶ್ನೆ ಕೇಳಿದರು. "ಆಫೀಸರ್ ಆಗಾಕ ನಿಮ್ಮ ಧ್ವನಿ ಭಾಳ ಸಣ್ಣದಾತ್ರಿ," ಎಂದು ನಕ್ಕ ಆಪಾ, ಉತ್ತರವನ್ನು ಮಾತ್ರ ತಪ್ಪದೆ ಹೇಳಿದರು: ಮುಂದಿನ ತಿಂಗಳಿಂದ ನನಗೆ ಕೆಲಸವಿದೆ, ಈ ಮಗುವನ್ನು ಸ್ಕೂಲಿಗೆ ಬಿಡಲು ಆಗುವುದಿಲ್ಲ.

ವಿಚಾರಣೆಗೆ ಮಗಳನ್ನೂ ಕರೆದುಕೊಂಡು ಹೋಗೋಣವೆಂದವಳು ನಾನು. ಕಾಲನ್ನು ಕಣ್ಣಾರೆ ಕಂಡರೆ ಅವರ ಮನಸ್ಸು ಕರಗೀತು ಎಂಬ ಆಸೆ.

ವಿಚಾರಣೆಯ ದಿನ ಮೇಜಿನಾಚೆ ಡಿಸ್ಟ್ರಿಕ್ಟಿನ ಮೂವರು ಕೂತಿದ್ದರು. ಎಲ್ಲರದೂ ಮೃದು ಮಾತು. ನಡುವೆ ಕೂತ ಹೆಂಗಸು, ಈ ಮಗುವನ್ನು ಕರೆತರುವುದರಿಂದ ನಿಮಗೆ ಕಷ್ಟವಾಗುತ್ತಿದೆಯೇ ಎಂದು ಆಪಾರನ್ನು ಕೇಳಿದರು. ಆಪಾ ಒಮ್ಮೆ ನನ್ನ ಮಗಳ ಕಡೆ ನೋಡಿದರು. ಸೆರಗು ಸರಿಮಾಡಿಕೊಂಡು, ಅವಳು ನನ್ನ ಮಗಳಿದ್ದ ಹಾಗೆ, ನನಗೇನೂ ಕಷ್ಟವಿಲ್ಲ ಎಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳಿದರು. ನಾನು ಗಾಬರಿಯಾಗಿ ನಡುವೆ ಬಾಯಿ ಹಾಕಿ ಡೇಕೇರಿನ ಕೆಲಸದ ಮಾತೆತ್ತಿದೆ. ಹೌದೇ ಎಂದು ಆ ಹೆಂಗಸು ಕೇಳಿದ್ದಕ್ಕೆ ಆಪಾ, ಅದಿನ್ನೂ ಖಾತ್ರಿ ಇಲ್ಲ ಎಂದುಬಿಟ್ಟರು. ಆಮೇಲೆ ಕೇಳಲು ಅವರಿಗೇನೂ ಉಳಿಯಲಿಲ್ಲ.

ಮನೆಗೆ ಬರುವಾಗ ಕಾರು ಓಡಿಸುತ್ತಿದ್ದವರೂ ಆಪಾನೇ. "ಯಾಕ್ ಆಪಾ ಹಾಗಂದ್ರಿ?" ಎಂದೆ.

"ಕೂಸು ನನ್ನ ಮಾರಿನ ನೋಡ್ಕೋತ ಕುಂತಿತ್ತವಾ. ಅದರ ಮುಂದ, ಈಕಿನ್ನ ಕರಕೊಂಡ ಹೋಗೂದು ನನಗ ಆಗಂಗಿಲ್ಲ, ಈಕಿ ಸಲುವಾಗಿ ನೌಕರಿ ಹೋಗತೈತಿ ಅಂತ ಹೆಂಗ ಹೇಳ್ಲಿ?"

ಮಗಳು ಹಿಂದಿನ ಸೀಟಿನಲ್ಲಿ ಕಿಟಕಿಯಾಚೆ ನೋಡುತ್ತಿದ್ದಳು. ಮಕ್ಕಳಿಗೆ ತಿಳಿಯಬಾರದ್ದನ್ನು ನಾವೆಲ್ಲ ಕನ್ನಡದಲ್ಲಿ ಮಾತಾಡಿಕೊಳ್ಳುವವರು. ನಾನು ಕನ್ನಡದಲ್ಲಿ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿಗೆ ಧಾರವಾಡದ ಮಾತು ಎಲ್ಲಿ ಅರ್ಥವಾದೀತು ಎಂದು ನಮ್ಮ ಧೈರ್ಯ.

ಅಪೀಲು ಬಿದ್ದುಹೋಯಿತು. ನನ್ನ ಶಿಫ್ಟು ಬದಲಾಯಿಸಿಕೊಡಿ ಎಂದು ಲ್ಯಾಬಿನಲ್ಲಿ ಅಂಗಲಾಚಿದೆ, ಜಾಗ ಖಾಲಿಯಾದಾಗ ನೋಡೋಣವೆಂದರು. ಬೇರೆ ಯಾರನ್ನಾದರೂ ಗೊತ್ತುಮಾಡುತ್ತೇನೆ ಎಂದರೆ ಆಪಾಗೆ ಸಿಟ್ಟೇ ಬಂತು. ಕಂಡವರ ಕಾರಿನಲ್ಲಿ ಹೆಣ್ಣುಮಗುವನ್ನು ಕಳಿಸುತ್ತೀಯಾ ಎಂದು ಬೈದರು. ಡೇಕೇರಿನವರು ಎರಡು ವಾರ ಕಾದು ಬೇರೊಬ್ಬರನ್ನು ತೆಗೆದುಕೊಂಡರು. ನನಗೆ ತಡವಾದ ಶಿಫ್ಟು ಸಿಕ್ಕಿದ್ದು ಮರುವರ್ಷ.

ಆ ಕೆಲಸದ ಮಾತನ್ನು ಆಪಾ ಮತ್ತೆ ಎತ್ತಲಿಲ್ಲ. ಒಂದು ಸಂಜೆ ಮಾತ್ರ, ಕೊತ್ತಂಬರಿ ಸೋಸುತ್ತ ಕೂತಿದ್ದವರು ತಲೆಯೆತ್ತದೆ ಹೇಳಿದರು:

"ನಿನ್ನ ಮಗಳು ಈಗ ಕಾರಿನ್ಯಾಗ ಮಾತ ಆಡಂಗಿಲ್ಲವಾ. ಇಳಿಯೂ ಮುಂದ ದಿನಾ ಥ್ಯಾಂಕ್ಯೂ ಅಂತಾಳ."